ಒಂದೇ ಒಂದು ಕೇಸ್ ಇದ್ದರೂ ಅದೇ ದಿನ ಫೋನ್ ಮಾಡಿ

ನಮ್ಮ ಉತ್ತರ ಕನ್ನಡದಲ್ಲಿ ಜ್ವರ ಜೋರಾದರೆ ರೋಗಿ ಜಿಲ್ಲೆಯಲ್ಲಿ ನಿಲ್ಲೋದಿಲ್ಲ. ಕಾರವಾರ, ಅಂಕೋಲೆಯವರು ಗೋವಾದ ಬಾಂಬೋಳಿಗೆ ಹೋಗುತ್ತಾರೆ. ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ. ಶಿರಸಿ, ಯಲ್ಲಾಪುರ, ಮುಂಡಗೋಡದವರು ಹುಬ್ಬಳ್ಳಿಗೆ. ಇದರಲ್ಲಿ ತಪ್ಪೇನಿಲ್ಲ, ಜೀವ ಉಳಿಯಬೇಕು ಅಂದರೆ ಎಲ್ಲಿ ಸೌಕರ್ಯ ಇದೆಯೋ ಅಲ್ಲಿಗೇ ಓಡಬೇಕು. ಆದರೆ ಮಿದುಳಿನ ಪೊರೆಗೆ ತಗಲುವ, ಪಕ್ಕದಲ್ಲಿದ್ದವರಿಗೆ ಹರಡುವ ಮೆನಿಂಗೊಕಾಕಲ್ ಅನ್ನೋ ರೋಗದಲ್ಲಿ ಇದರಿಂದ ಒಂದು ದೊಡ್ಡ ತೊಡಕಾಗುತ್ತದೆ. ರೋಗಿ ಅಲ್ಲಿ ಐಸಿಯುನಲ್ಲಿ ಇರುತ್ತಾನೆ. ಅವನ ಪಕ್ಕ ಮಲಗಿದವರು ಇಲ್ಲೇ ಇರುತ್ತಾರೆ. ಅವರಿಗೆ ರೋಗ ಬರದ ಹಾಗೆ ಆದಷ್ಟೂ 24 ಗಂಟೆಯೊಳಗೆ ಔಷಧ ಸಿಗಬೇಕು, ಸುದ್ದಿ ಬರೋಕೇ ನಾಲ್ಕು ದಿನ ಹಿಡಿದರೆ ಕೊಡೋದು ಹೇಗೆ?

ನಾನು ಕರಾವಳಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಆರೋಗ್ಯ ನಿರೀಕ್ಷಣಾಧಿಕಾರಿ. ಆಶಾ ಅಕ್ಕಂದಿರು, ಹಾಸ್ಟೆಲ್ ವಾರ್ಡನ್‌ಗಳು, ಬೋಟ್ ಮಾಲೀಕರು, ಯಕ್ಷಗಾನ ಮೇಳ ನಡೆಸುವವರು, ಮನೆಯಲ್ಲಿ ಮಕ್ಕಳಿರುವವರು, ಎಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಯಾಕೆ ಅಂದರೆ ಈ ರೋಗವನ್ನು ಮೊದಲು ನೋಡೋದು ನಾವಲ್ಲ, ನೀವು.

ಕೆಲವು ವರ್ಷದ ಹಿಂದಿನ ಮಾತು. ನಮ್ಮ ಕಡೆಯ ಬಂದರಿನ ಒಂದು ಟ್ರಾಲ್ ಬೋಟಿನಲ್ಲಿ ಎಂಟು ಜನ ಇದ್ದರು. ಅದರಲ್ಲಿ ಒಬ್ಬ ಹುಡುಗನಿಗೆ ಸಮುದ್ರದಲ್ಲೇ ಜ್ವರ ಬಂತು. ದಡಕ್ಕೆ ತಂದಾಗ ಕತ್ತು ಮರದ ಹಾಗೆ ಬಿಗಿದಿತ್ತು. ಮಾಲೀಕರು ಒಳ್ಳೆಯವರು, ತಡ ಮಾಡದೆ ಜಿಲ್ಲೆಯ ಹೊರಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯವರು ಮೆನಿಂಗೊಕಾಕಲ್ ಇರಬಹುದು ಅಂತ ಚಿಕಿತ್ಸೆ ಶುರು ಮಾಡಿದರು, ಹುಡುಗ ಬದುಕಿದ. ಆದರೆ ನಮಗೆ ಸುದ್ದಿ ಸಿಕ್ಕಿದ್ದು ನಾಲ್ಕನೇ ದಿನ, ಅದೂ ಮೀನು ಮಾರ್ಕೆಟಿನಲ್ಲಿ ಯಾರೋ ಮಾತಾಡಿದ್ದು ಕಿವಿಗೆ ಬಿದ್ದಿದ್ದರಿಂದ. ಅಷ್ಟರಲ್ಲಿ ಉಳಿದ ಏಳು ಜನ ಅದೇ ಬೋಟಿನಲ್ಲಿ ಮತ್ತೆ ಹೊರಟುಹೋಗಿದ್ದರು. ವೈರ್‌ಲೆಸ್ಸಿನಲ್ಲಿ ಕರೆಸಿದೆವು. ಬೋಟ್ ಬಂದಾಗ ಇನ್ನೊಬ್ಬ ಕ್ಯಾಬಿನ್ನಿನಲ್ಲಿ ಮುದುಡಿ ಮಲಗಿದ್ದ, ಕಣ್ಣಿಗೆ ಟಾರ್ಚ್ ಬಿಟ್ಟರೆ ಮುಖ ಮುಚ್ಚಿಕೊಳ್ಳುತ್ತಿದ್ದ. ಅವನೂ ಉಳಿದ, ಆದರೆ ಒಂದು ಕಿವಿ ಹೋಯಿತು. ಆ ಏಳು ಜನರಿಗೆ ಮೊದಲ ದಿನವೇ ಔಷಧ ಕೊಟ್ಟಿದ್ದರೆ ಅಂತ ಈಗಲೂ ಅನಿಸುತ್ತದೆ.

ಈಗ ಕೆಲಸದ ಮಾತಿಗೆ ಬರೋಣ.

ರೋಗ ಯಾವುದು ಅಂತ ಮೊದಲು ಸ್ವಲ್ಪ. ನೈಸೀರಿಯಾ ಮೆನಿಂಜೈಟಿಡಿಸ್ ಅನ್ನೋ ಬ್ಯಾಕ್ಟೀರಿಯಾದಿಂದ ಇದು ಬರುತ್ತದೆ. ಎ, ಬಿ, ಸಿ, ಡಬ್ಲ್ಯು, ಎಕ್ಸ್, ವೈ ಅಂತ ಇದರ ಆರು ಗುಂಪುಗಳೇ ಹೆಚ್ಚಿನ ಕಾಟ ಕೊಡುವುದು. ನೂರು ಜನರನ್ನು ತೆಗೆದುಕೊಂಡರೆ ಐದರಿಂದ ಹತ್ತು ಜನರ ಗಂಟಲಲ್ಲಿ ಇದು ಸುಮ್ಮನೆ ಇರುತ್ತದೆ, ಅವರಿಗೆ ಏನೂ ಆಗುವುದಿಲ್ಲ. ಎಲ್ಲೋ ಒಬ್ಬರಲ್ಲಿ ಅದು ರಕ್ತಕ್ಕೆ ಇಳಿದು ಮಿದುಳಿನ ಪೊರೆಗೆ ಹೋಗುತ್ತದೆ. ಆಗ ಗಂಟೆಗಳ ಲೆಕ್ಕ. ಚಿಕಿತ್ಸೆ ಇಲ್ಲದಿದ್ದರೆ ಅರ್ಧದಷ್ಟು ಜನ ಸಾಯುತ್ತಾರೆ, ಚಿಕಿತ್ಸೆ ಸಿಕ್ಕರೂ ಹತ್ತರಲ್ಲಿ ಒಬ್ಬರು ಹೋಗಬಹುದು. ಬದುಕಿದವರಲ್ಲೂ ಕೆಲವರಿಗೆ ಕಿವುಡು, ಫಿಟ್ಸ್, ಕೈಕಾಲಿನ ತೊಂದರೆ ಉಳಿಯುತ್ತದೆ. ಹರಡುವುದು ಎಂಜಲು, ಕೆಮ್ಮು, ಉಗುಳಿನ ಹನಿಯಿಂದ. ಅದೂ ತುಂಬ ಹತ್ತಿರ, ತುಂಬ ಹೊತ್ತು ಇದ್ದವರಿಗೆ. ಮೈಯಿಂದ ಹೊರಗೆ ಬಂದರೆ ಈ ರೋಗಾಣು ಬಹಳ ಹೊತ್ತು ಬಾಳುವುದಿಲ್ಲ. ನೀರಿನಿಂದ, ಸೊಳ್ಳೆಯಿಂದ, ಮೀನಿನಿಂದ ಬರುವುದಿಲ್ಲ.

ಗುರುತಿಸೋದು ಹೇಗೆ? ಇದ್ದಕ್ಕಿದ್ದ ಹಾಗೆ ಜ್ವರ, ಜೊತೆಗೆ ತಡೆಯಲಾರದ ತಲೆನೋವು, ವಾಂತಿ, ಕತ್ತು ಬಿಗಿ, ಬೆಳಕು ಕಂಡರೆ ಆಗದಿರೋದು, ಮಂಪರು ಅಥವಾ ಬಡಬಡಿಸೋದು. ಎಲ್ಲವೂ ಒಟ್ಟಿಗೆ ಬರಬೇಕು ಅಂತ ಕಾಯಬೇಡಿ. ಜ್ವರದ ಜೊತೆ ಕತ್ತು ಬಿಗಿಯೋ ಮಂಪರೋ ಯಾವುದಾದರೂ ಒಂದು ಇದ್ದರೂ ಅನುಮಾನಕ್ಕೆ ಸಾಕು. ಕತ್ತು ನೋಡೋದು ಸುಲಭ: ಬಾಯಿ ಮುಚ್ಚಿಕೊಂಡು ಗಲ್ಲವನ್ನು ಎದೆಗೆ ತಾಗಿಸು ಅಂತ ಹೇಳಿ. ಮಾಮೂಲಿ ಜ್ವರದವನು ಗೊಣಗುತ್ತಾ ತಾಗಿಸುತ್ತಾನೆ. ಇವನಿಗೆ ಆಗೋದೇ ಇಲ್ಲ. ವರ್ಷ ತುಂಬದ ಕೂಸಿಗೆ ಕತ್ತು ಬಿಗಿ ಕಾಣದೇ ಇರಬಹುದು. ನೆತ್ತಿ ಉಬ್ಬಿದೆಯಾ, ಹಾಲು ಬಿಟ್ಟಿದೆಯಾ, ಎತ್ತಿಕೊಂಡರೆ ಸುಮ್ಮನಾಗುವ ಬದಲು ಇನ್ನೂ ಕಿರುಚುತ್ತಿದೆಯಾ, ಮೈ ಬಟ್ಟೆಯ ಹಾಗೆ ಜೋತುಬಿದ್ದಿದೆಯಾ ನೋಡಿ.

ಇನ್ನು ಚುಕ್ಕೆ. ಈ ರೋಗ ರಕ್ತಕ್ಕೆ ಇಳಿದಾಗ ಚರ್ಮದ ಕೆಳಗೆ ಸಣ್ಣ ಸಣ್ಣ ಕೆಂಪು ಅಥವಾ ನೇರಳೆ ಚುಕ್ಕೆ ಬರುತ್ತದೆ, ಕೆಲವೇ ಗಂಟೆಗಳಲ್ಲಿ ಜಾಮೂನಿನಷ್ಟು ದೊಡ್ಡ ಕಲೆಯೂ ಆಗಬಹುದು. ಮನೆಯಲ್ಲಿರುವ ಗಾಜಿನ ಲೋಟ ತೆಗೆದುಕೊಳ್ಳಿ, ಸ್ಟೀಲಿಂದು ಬೇಡ. ಅದರ ಬದಿಯನ್ನು ಚುಕ್ಕೆಯ ಮೇಲೆ ಗಟ್ಟಿಯಾಗಿ ಒತ್ತಿ, ಗಾಜಿನ ಮೂಲಕ ನೋಡಿ. ಸೊಳ್ಳೆ ಕಡಿದದ್ದು, ಬೆವರುಸಾಲೆ ಆಗಿದ್ದರೆ ಬಣ್ಣ ಮಾಯವಾಗುತ್ತದೆ. ಇದು ಹಾಗೇ ಉಳಿಯುತ್ತದೆ. ನಮ್ಮದು ಕಪ್ಪು ಮೈಬಣ್ಣ ಅಲ್ವಾ, ಬೆನ್ನಲ್ಲಿ ಕಾಣದೇ ಹೋಗಬಹುದು. ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆಯ ಒಳಗೆ, ಬಾಯಿಯೊಳಗಿನ ಮೇಲ್ಭಾಗದಲ್ಲಿ ಹುಡುಕಿ. ಒಂದು ಮಾತು ನೆನಪಿರಲಿ, ಚುಕ್ಕೆ ಇಲ್ಲ ಅಂದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ. ಮತ್ತೆ ಮತ್ತೆ ನೋಡುತ್ತಿರಬೇಕು.

ನಮ್ಮ ಜಿಲ್ಲೆಯಲ್ಲಿ ಇದು ತಪ್ಪಿಹೋಗೋಕೆ ಇನ್ನೊಂದು ಕಾರಣ ಇದೆ. ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಡಿಸೆಂಬರಿನಿಂದ ಮೇ ತನಕ ಯಾರಿಗೆ ಜ್ವರ ಬಂದರೂ ಎಲ್ಲರ ಬಾಯಲ್ಲೂ ಮಂಗನ ಕಾಯಿಲೆ. ಮಳೆಗಾಲದಲ್ಲಿ ಇಲಿಜ್ವರ, ಡೆಂಗ್ಯೂ. ಅವುಗಳಲ್ಲೂ ತಲೆನೋವು, ರಕ್ತದ ಚುಕ್ಕೆ ಬರುತ್ತದೆ. ಮಂಗನ ಕಾಯಿಲೆಯ ಎರಡನೇ ಸುತ್ತಿನಲ್ಲಂತೂ ಕತ್ತು ಬಿಗಿಯೂ ಬರಬಹುದು. ದೇಶದಲ್ಲಿ ಮೆನಿಂಗೊಕಾಕಲ್ ಜಾಸ್ತಿ ಕಾಣಿಸೋದು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ, ಅಂದರೆ ಮಂಗನ ಕಾಯಿಲೆಯ ಕಾಲದಲ್ಲೇ. ಹಾಗಾಗಿ "ಕಾಡಿಗೆ ಹೋಗಿದ್ದ, ಅದೇ ಇರ್ಬೇಕು" ಅಂತ ಮಾತು ಮುಗಿಸಬೇಡಿ. ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ ದಿನಗಳಲ್ಲಿ ಬೆಳೆಯುತ್ತದೆ. ಇದು ಬೆಳಿಗ್ಗೆ ಶಾಲೆಗೆ ಹೋದ ಮಗುವನ್ನು ರಾತ್ರಿಯೊಳಗೆ ಮಂಪರಿಗೆ ತರುತ್ತದೆ. ಅನುಮಾನ ಇದ್ದರೆ ಎರಡಕ್ಕೂ ಪರೀಕ್ಷೆ ಆಗಲಿ.

ಅನುಮಾನ ಬಂದ ಕೂಡಲೇ 108ಕ್ಕೆ ಫೋನ್ ಮಾಡಿ. ಹತ್ತಿರದ ಪಿಎಚ್‌ಸಿ ದಾರಿಯಲ್ಲೇ ಇದ್ದರೆ ಅಲ್ಲಿ ನಿಲ್ಲಿಸಿ, ಯಾಕೆ ಅಂದರೆ ದೇವಿಮನೆ ಘಾಟಿ ಇಳಿದು ಕುಮಟೆ ಸೇರುವುದೋ, ಶಿರಸಿಯಿಂದ ಹುಬ್ಬಳ್ಳಿ ಮುಟ್ಟುವುದೋ ಅಂದರೆ ಹತ್ತು ನಿಮಿಷದ ಮಾತಲ್ಲ. ಚುಕ್ಕೆ, ಜ್ವರ, ಮಂಪರು ಎಲ್ಲಾ ಇರುವಾಗ ವೈದ್ಯರು ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯಾಟಿಕ್‌ನ ಮೊದಲ ಡೋಸ್ ಅಲ್ಲೇ ಕೊಟ್ಟು ಮುಂದೆ ಕಳಿಸಬಹುದು, ಬೆನ್ನಿನ ನೀರಿನ ಪರೀಕ್ಷೆಗೆ ಅಂತ ಔಷಧ ತಡ ಮಾಡಬಾರದು. ಆದರೆ ಯಾವ ಇಂಜೆಕ್ಷನ್, ಎಷ್ಟು ಗಂಟೆಗೆ ಅನ್ನೋದನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ಆ ಚೀಟಿ ಇಲ್ಲದಿದ್ದರೆ ಮುಂದಿನ ಆಸ್ಪತ್ರೆಯ ಲ್ಯಾಬಿನವರಿಗೆ ರಿಪೋರ್ಟ್ ಓದುವುದೇ ಕಷ್ಟ.

ರೋಗಿ ಗಾಡಿ ಹತ್ತಿದ ಮೇಲೆ ನಿಮ್ಮ ಎರಡನೇ ಕೆಲಸ ಶುರು. ಇದನ್ನೇ ಎಲ್ಲರೂ ಮರೆಯೋದು. ನಿಮ್ಮ ಊರಿನ ಆಶಾಗೋ, ಪಿಎಚ್‌ಸಿ ವೈದ್ಯರಿಗೋ, ತಾಲೂಕು ಆರೋಗ್ಯಾಧಿಕಾರಿಗೋ ಫೋನ್ ಮಾಡಿ. ರಿಪೋರ್ಟ್ ಬರಲಿ, ಖಚಿತ ಆಗಲಿ ಅಂತ ಕಾಯಬೇಡಿ. ಅನುಮಾನವನ್ನೇ ಹೇಳಿ. ಹೇಗೆ ಹೇಳಬೇಕು ಅಂದರೆ, ಒಬ್ಬ ವಾರ್ಡನ್ ಹೀಗೆ ಹೇಳಿದರೆ ನಮಗೆ ಬೇಕಾದ್ದೆಲ್ಲ ಸಿಗುತ್ತದೆ:

"ಸರ್, ಹಾಸ್ಟೆಲ್ಲಿಂದ ಮಾತಾಡ್ತಿದ್ದೀನಿ. ಒಂಬತ್ತನೇ ಕ್ಲಾಸಿನ ಹುಡುಗನಿಗೆ ನಿನ್ನೆ ರಾತ್ರಿ ಒಂಬತ್ತಕ್ಕೆ ಜ್ವರ ಶುರುವಾಯ್ತು. ಬೆಳಿಗ್ಗೆ ಕತ್ತು ಬಗ್ಗಿಸೋಕೆ ಆಗ್ತಿರಲಿಲ್ಲ, ಎರಡು ಸಲ ವಾಂತಿ, ಕಾಲಲ್ಲಿ ಚುಕ್ಕೆ, ಲೋಟ ಒತ್ತಿದ್ರೂ ಹೋಗ್ಲಿಲ್ಲ. ತಾಲೂಕು ಆಸ್ಪತ್ರೆಯಿಂದ ಹುಬ್ಬಳ್ಳಿಗೆ ಕಳಿಸಿದ್ದಾರೆ. ಅವನ ರೂಮಲ್ಲಿ ಹದಿನಾಲ್ಕು ಜನ ಮಲಗ್ತಾರೆ. ಅದರಲ್ಲಿ ಇಬ್ಬರು ಶನಿವಾರ ಊರಿಗೆ ಹೋಗಿದ್ದಾರೆ, ಒಬ್ಬ ಬನವಾಸಿ, ಒಬ್ಬ ಸಿದ್ದಾಪುರ."

ಒಂದು ನಿಮಿಷವೂ ಹಿಡಿಯೋದಿಲ್ಲ. ಇದರಲ್ಲಿ ಯಾವಾಗ ಶುರುವಾಯಿತು, ಏನೇನು ಕಂಡಿತು, ಈಗ ಎಲ್ಲಿದ್ದಾನೆ, ಯಾರ ಜೊತೆ ಇದ್ದ, ಅವರಲ್ಲಿ ಯಾರು ಊರು ಬಿಟ್ಟಿದ್ದಾರೆ, ಎಲ್ಲವೂ ಇದೆ. ಕೊನೆಯ ಮಾತೇ ನಮಗೆ ಚಿನ್ನ. ಬನವಾಸಿಯ ಹುಡುಗನಿಗೆ ಬನವಾಸಿಯಲ್ಲೇ ಔಷಧ ಸಿಗುವ ಹಾಗೆ ಅಲ್ಲಿಗೆ ಹೇಳಬಹುದು.

ಆ ಮೇಲೆ ನಮ್ಮ ಕಡೆಯ ಕೆಲಸ. ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮ ದೇಶದಲ್ಲಿ 2004ರಲ್ಲಿ ಶುರುವಾಯಿತು. ಅದರಲ್ಲಿ ಮೂರು ಫಾರಂ. ಕ್ಷೇತ್ರ ಸಿಬ್ಬಂದಿ ಲಕ್ಷಣ ನೋಡಿ ತುಂಬುವುದು ಎಸ್, ವೈದ್ಯರು ಅನುಮಾನದ ಮೇಲೆ ತುಂಬುವುದು ಪಿ, ಲ್ಯಾಬಿನವರದ್ದು ಎಲ್. ಈಗ ಇವು ಆನ್‌ಲೈನಿನಲ್ಲಿ ಹೋಗುತ್ತವೆ. ಎಸ್ ಫಾರಂನಲ್ಲಿ ಜ್ವರವನ್ನು ಸುಮ್ನೆ ಜ್ವರ ಅಂತ ಹಾಕಬೇಡಿ. ಚುಕ್ಕೆ ಇದ್ದರೆ ಒಂದು ಕಲಂ, ರಕ್ತಸ್ರಾವಕ್ಕೆ ಇನ್ನೊಂದು, ಮಂಪರು ಅಥವಾ ಪ್ರಜ್ಞೆ ತಪ್ಪಿದ್ದಕ್ಕೆ ಮತ್ತೊಂದು. ಕೆಲಸದ ಒತ್ತಡದಲ್ಲಿ ಎಲ್ಲವನ್ನೂ ಮೊದಲ ಕಲಮಿಗೆ ಸುರಿದುಬಿಟ್ಟರೆ ಮೇಲೆ ಕೂತು ನೋಡುವವರಿಗೆ ಎಲ್ಲ ನೆಗಡಿ ಜ್ವರದ ಹಾಗೇ ಕಾಣುತ್ತದೆ. ಫಾರಂ ತುಂಬಿದ್ದೇನೆ ಅಂತ ಫೋನ್ ಬಿಡಬೇಡಿ. ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ನೇರ ಹೇಳಿದರೆ ಅವರು ಗೋವಾ, ಉಡುಪಿ, ಹುಬ್ಬಳ್ಳಿ ಕಡೆಯವರ ಜೊತೆ ಮಾತಾಡುತ್ತಾರೆ. ನಮ್ಮ ಜಿಲ್ಲೆಯ ಮಟ್ಟಿಗೆ ಸರ್ವೇಕ್ಷಣೆ ಅಂದರೆ ಅರ್ಧ ಕೆಲಸ ಈ ಗಡಿ ದಾಟಿದ ಫೋನ್‌ಗಳೇ.

ಔಷಧ ಕೊಡಬೇಕಾದವರ ಪಟ್ಟಿ ಮಾಡೋದು ಹೇಗೆ? ಕೋವಿಡ್ ಕಾಲದಲ್ಲಿ ಪ್ರೈಮರಿ ಕಾಂಟ್ಯಾಕ್ಟ್ ಅನ್ನೋ ಮಾತು ಎಲ್ಲರಿಗೂ ಗೊತ್ತಾಗಿದೆ. ಇಲ್ಲಿ ಅದು ಇನ್ನೂ ಚಿಕ್ಕದು. ಕಾಯಿಲೆ ಶುರುವಾಗುವ ಹಿಂದಿನ ಏಳು ದಿನದಲ್ಲಿ ಒಂದೇ ಮನೆಯಲ್ಲಿ ಇದ್ದವರು, ಒಂದೇ ರೂಮಿನಲ್ಲಿ, ಒಂದೇ ಕ್ಯಾಬಿನ್ನಿನಲ್ಲಿ ಮಲಗಿದವರು, ಎಂಜಲು ತಾಗಿದವರು, ಅಂಗನವಾಡಿಯಲ್ಲಿ ಜೊತೆಗೆ ಆಡಿದ ಪುಟ್ಟ ಮಕ್ಕಳು. ರೋಗಿಯ ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟವರು, ಮಾಸ್ಕ್ ಇಲ್ಲದೆ ಗಂಟಲಿಗೆ ಟ್ಯೂಬ್ ಹಾಕಿದ ಸಿಬ್ಬಂದಿ ಕೂಡ. ಬಸ್ಸಿನಲ್ಲಿ ಪಕ್ಕ ಕೂತವರು, ನೋಡಿಕೊಂಡು ಹೋದ ನೆಂಟರು, ಒಂದೇ ಶಾಲೆ ಆದರೆ ಬೇರೆ ಕ್ಲಾಸಿನವರು, ಕಾಂಟ್ಯಾಕ್ಟ್‌ನ ಕಾಂಟ್ಯಾಕ್ಟ್, ಇವರಿಗೆ ಔಷಧ ಬೇಡ. ಇಡೀ ಊರಿಗೆ ಮಾತ್ರೆ ಹಂಚಿ ಅಂತ ಒತ್ತಾಯ ಬರುತ್ತದೆ, ಪಂಚಾಯತಿಯವರೂ ಕೇಳುತ್ತಾರೆ. ಒಪ್ಪಬೇಡಿ. ನಿಜವಾಗಿ ಬೇಕಾದವರಿಗೆ ತಲುಪೋದು ಅದರಿಂದಲೇ ತಡವಾಗುತ್ತದೆ, ಔಷಧಕ್ಕೆ ರೋಗಾಣು ಬಗ್ಗದ ಹಾಗೂ ಆಗುತ್ತದೆ.

ಬೋಟ್ ಆದರೆ ಅದನ್ನು ನಡೆಸುವ ತಾಂಡೇಲರನ್ನೇ ಕೇಳಿ, ಯಾರ ಪಕ್ಕ ಯಾರು ಮಲಗುತ್ತಾರೆ ಅಂತ ಅವರಿಗೆ ಬಾಯಿಪಾಠ. ಮೇಳ ಆದರೆ ಒಂದೇ ಬಿಡಾರದಲ್ಲಿ ಮಲಗಿ, ಒಂದೇ ವ್ಯಾನಿನಲ್ಲಿ ಊರೂರು ಸುತ್ತಿದವರು ಎಲ್ಲರೂ ಬರುತ್ತಾರೆ. ಆಟ ನೋಡಿದವರು ಬರುವುದಿಲ್ಲ.

ಔಷಧ ಯಾವುದು ಅನ್ನೋದು ವೈದ್ಯರು ಹೇಳಬೇಕು, ಮೆಡಿಕಲ್ ಶಾಪಿನಿಂದ ನೀವೇ ತರಬೇಡಿ. ಗೊತ್ತಿರಲಿ ಅಂತ ಹೇಳುತ್ತೇನೆ: ಸಿಪ್ರೊಫ್ಲಾಕ್ಸಸಿನ್ ಒಂದೇ ಡೋಸ್, ರಿಫಾಂಪಿಸಿನ್ ಎರಡು ದಿನ ದಿನಕ್ಕೆ ಎರಡು ಸಲ, ಸೆಫ್ಟ್ರಿಯಾಕ್ಸೋನ್ ಒಂದೇ ಇಂಜೆಕ್ಷನ್. ಗರ್ಭಿಣಿಯರಿಗೆ ಇಂಜೆಕ್ಷನ್ನೇ ಸರಿ. 2005ರಲ್ಲಿ ದೆಹಲಿಯಲ್ಲಿ ಹಾವಳಿ ಎದ್ದಾಗ ಸಿಕ್ಕ ರೋಗಾಣು ಸಿಪ್ರೊಫ್ಲಾಕ್ಸಸಿನ್‌ಗೆ ಸರಿಯಾಗಿ ಬಗ್ಗಿರಲಿಲ್ಲ, ಹಾಗಾಗಿ ವೈದ್ಯರು ಬೇರೆಯದನ್ನು ಆರಿಸಿದರೆ ಯಾಕೆ ಅಂತ ಗೊಂದಲ ಬೇಡ. ರಿಫಾಂಪಿಸಿನ್ ತೆಗೆದುಕೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಹೆದರಿ ಎರಡನೇ ದಿನದ ಮಾತ್ರೆ ಬಿಟ್ಟುಬಿಡುತ್ತಾರೆ. ಗರ್ಭನಿರೋಧಕ ಮಾತ್ರೆ ನುಂಗುವ ಹೆಂಗಸರಿಗೆ ಅದರ ಶಕ್ತಿ ಕಡಿಮೆಯಾಗುತ್ತದೆ ಅಂತಲೂ ಹೇಳಬೇಕು, ಆಶಾ ಅಕ್ಕ ಬದಿಗೆ ಕರೆದು ಹೇಳಿದರೆ ಒಳ್ಳೆಯದು. ರೋಗಿಗೆ ಕಾಯಿಲೆ ಶುರುವಾಗಿ 14 ದಿನ ದಾಟಿದ ಮೇಲೆ ಈ ಔಷಧಗಳಿಂದ ಹೆಚ್ಚು ಪ್ರಯೋಜನ ಇಲ್ಲ.

ಔಷಧ ನುಂಗಿಸಿದ ಮೇಲೂ ಹತ್ತು ದಿನ ಕಣ್ಣಿಡಬೇಕು. ರೋಗಾಣು ಒಳಹೊಕ್ಕ ಮೇಲೆ ಕಾಯಿಲೆ ಕಾಣಿಸೋಕೆ ಎರಡರಿಂದ ಹತ್ತು ದಿನ, ಜಾಸ್ತಿ ಜನರಿಗೆ ನಾಲ್ಕನೇ ದಿನದ ಹೊತ್ತಿಗೆ. ದಿನಾ ಬೆಳಿಗ್ಗೆ ಸಂಜೆ ಜ್ವರ ಇದೆಯಾ, ತಲೆನೋವು ಇದೆಯಾ ಅಂತ ಕೇಳಿ, ಪಟ್ಟಿಯಲ್ಲಿ ಹೆಸರಿನ ಮುಂದೆ ಬರೆದುಕೊಳ್ಳಿ. ಶಾಲೆ ಮುಚ್ಚೋದು, ಫಾಗಿಂಗ್ ಹೊಡೆಸೋದು, ಹಾಸಿಗೆ ಸುಡೋದು ಯಾವುದೂ ಬೇಡ.

ಲ್ಯಾಬ್ ವಿಷಯಕ್ಕೆ ತಾಲೂಕು ಆಸ್ಪತ್ರೆಯ ಗೆಳೆಯರಿಗೆ ಎರಡು ಮಾತು. ಬೆನ್ನಿನ ನೀರು ತೆಗೆದಾಗ ಅದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿದ್ದರೆ ಅಷ್ಟಕ್ಕೇ ಅನುಮಾನ ಬಲವಾಯಿತು, ಆಗಲೇ ಫೋನ್ ಮಾಡಬಹುದು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಂ ಸ್ಟೇನಿನಲ್ಲಿ ಎರಡೆರಡು ಕಾಳು ಜೋಡಿಸಿಟ್ಟ ಹಾಗೆ ಕೆಂಪು ರೋಗಾಣು ಕಾಣುತ್ತದೆ. ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡೋಕೆ ಹೋಗುವ ಟ್ಯೂಬನ್ನು ದಯವಿಟ್ಟು ಫ್ರಿಜ್ಜಿನಲ್ಲಿ ಇಡಬೇಡಿ. ನಾವು ಎಲ್ಲ ಸ್ಯಾಂಪಲ್ಲನ್ನೂ ತಂಪಲ್ಲಿಟ್ಟು ರೂಢಿ, ಲಸಿಕೆಯಿಂದ ಹಿಡಿದು. ಈ ರೋಗಾಣು ಚಳಿಗೆ ಸಾಯುತ್ತದೆ. ಆ ಬೋಟಿನ ಹುಡುಗನ ಸ್ಯಾಂಪಲ್ ಒಂದು ಕಡೆ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಕೂತಿತ್ತು, ಏನೂ ಬೆಳೆಯಲಿಲ್ಲ. ಯಾವ ಗುಂಪಿನ ರೋಗಾಣು ಅಂತ ಕೊನೆಗೂ ಗೊತ್ತಾಗಲಿಲ್ಲ. ಮಾಮೂಲಿ ಕೋಣೆಯ ಬಿಸಿಯಲ್ಲೇ ಇಟ್ಟು ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಪಿಸಿಆರ್‌ಗೆ ಅಂತ ಬೇರೆ ತೆಗೆದಿಟ್ಟದ್ದನ್ನು ತಂಪಲ್ಲಿ ಇಡಬಹುದು. ಆಂಟಿಬಯಾಟಿಕ್ ಕೊಟ್ಟ ಮೇಲೂ ಪಿಸಿಆರ್‌ನಲ್ಲಿ ರೋಗಾಣು ಸಿಗುವ ಸಾಧ್ಯತೆ ಇದೆ.

ಗುಂಪು ಗೊತ್ತಾಗೋದು ಯಾಕೆ ಮುಖ್ಯ ಅಂದರೆ ಲಸಿಕೆ ಗುಂಪಿನ ಮೇಲೆ ನಿಂತಿದೆ. ಎ, ಸಿ, ಡಬ್ಲ್ಯು, ವೈ ನಾಲ್ಕಕ್ಕೂ ಸೇರಿಸಿ ಒಂದು ಲಸಿಕೆ ಇದೆ, ಬಿ ಗುಂಪಿಗೆ ಬೇರೆಯದೇ ಬೇಕು. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇದು ಎಲ್ಲ ಮಕ್ಕಳಿಗೆ ಅಂತ ಇಲ್ಲ. ಹಜ್‌ಗೆ ಹೋಗುವವರಿಗೆ ಕಡ್ಡಾಯ. ಭಟ್ಕಳದ ಮನೆಗಳಿಗೆ ಇದು ಗೊತ್ತಿರುವ ವಿಷಯ. ಸೌದಿಗೆ ತಲುಪುವ ಹತ್ತು ದಿನ ಮೊದಲಾದರೂ ಹಾಕಿಸಿರಬೇಕು, ಕೊನೇ ವಾರಕ್ಕೆ ಬಿಟ್ಟರೆ ಶಕ್ತಿ ಬರೋಕೆ ಸಮಯ ಸಾಲದು. 2000ನೇ ಇಸವಿಯ ಹಜ್‌ನಲ್ಲಿ ಡಬ್ಲ್ಯು ಗುಂಪಿನ ಹಾವಳಿ ಎದ್ದು, ಯಾತ್ರೆಯಿಂದ ಮರಳಿದವರ ಮೂಲಕ ಬೇರೆ ಬೇರೆ ದೇಶದ ಮನೆಗಳಿಗೂ ಹೋಗಿತ್ತು. ಆಗ ಹೆಚ್ಚಿನವರು ಹಾಕಿಸಿಕೊಳ್ಳುತ್ತಿದ್ದ ಲಸಿಕೆಯಲ್ಲಿ ಡಬ್ಲ್ಯು ಇರಲಿಲ್ಲ, ಆ ಮೇಲೆಯೇ ನಾಲ್ಕು ಗುಂಪಿನ ಲಸಿಕೆ ಕಡ್ಡಾಯವಾಯಿತು. ಲಸಿಕೆಯಿಂದ ಏನಾಗುತ್ತದೆ ಅಂತ ನೋಡಬೇಕಾದರೆ ಆಫ್ರಿಕಾ ನೋಡಿ. ಸೆನೆಗಲ್‌ನಿಂದ ಇಥಿಯೋಪಿಯಾ ತನಕದ ಸಾಲು ದೇಶಗಳಲ್ಲಿ ಎ ಗುಂಪು ಸಾವಿರಾರು ಜನರನ್ನು ಕೊಲ್ಲುತ್ತಿತ್ತು. 2010ರಿಂದ ಅಲ್ಲಿ ಹಾಕಿದ ಲಸಿಕೆಯಿಂದ ಆ ಗುಂಪು ಹೆಚ್ಚುಕಡಿಮೆ ಇಲ್ಲವೇ ಆಗಿದೆ. ಆ ಲಸಿಕೆ ತಯಾರಾದದ್ದು ಇಲ್ಲೇ ಪುಣೆಯಲ್ಲಿ. ಐದು ಗುಂಪಿಗೆ ಸೇರಿಸಿ ಅಲ್ಲೇ ಮಾಡಿದ ಹೊಸ ಲಸಿಕೆ 2024ರಲ್ಲಿ ನೈಜೀರಿಯಾದಲ್ಲಿ ಶುರುವಾಯಿತು.

ಎಷ್ಟು ಕೇಸ್ ಆದರೆ ಹಾವಳಿ? ಆಫ್ರಿಕಾದ ಆ ದೇಶಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಲೆಕ್ಕದಲ್ಲಿ, ಮೂವತ್ತು ಸಾವಿರಕ್ಕಿಂತ ಕಡಿಮೆ ಜನ ಇರುವ ಜಾಗದಲ್ಲಿ ವಾರಕ್ಕೆ ಎರಡು ಅನುಮಾನದ ಕೇಸ್ ಬಂದರೆ ಎಚ್ಚರಿಕೆ, ಐದು ಬಂದರೆ ಹಾವಳಿ. ನಮ್ಮ ಒಂದೊಂದು ಪಿಎಚ್‌ಸಿಯ ಅಳತೆಯೂ ಸುಮಾರು ಅಷ್ಟೇ. ಆದರೆ ರೋಗ ಸದಾ ಇರುವ ಊರಿನ ಲೆಕ್ಕ ಅದು. ನಮ್ಮಲ್ಲಿ ಅಪರೂಪ, ಹಾಗಾಗಿ ಒಂದೇ ಕೇಸಿಗೆ ಎದ್ದು ನಿಲ್ಲಬೇಕು. ಅಪರೂಪ ಅಂದರೆ ಬರುವುದೇ ಇಲ್ಲ ಅಂತಲೂ ಅಲ್ಲ, 2008-09ರಲ್ಲಿ ಮೇಘಾಲಯ, ತ್ರಿಪುರಾದ ಬೆಟ್ಟದ ಊರುಗಳಲ್ಲಿ ದೊಡ್ಡದಾಗಿಯೇ ಎದ್ದಿತ್ತು. ಒಂದೇ ಹಾಸ್ಟೆಲ್ಲಿನಲ್ಲಿ ನಾಲ್ಕು ವಾರದೊಳಗೆ ಎರಡನೇ ಕೇಸ್ ಬಂದರೆ ಆ ಹಾಸ್ಟೆಲ್ಲಿನ ಎಲ್ಲರಿಗೂ ಔಷಧ, ಲಸಿಕೆ ಬೇಕಾ ಅಂತ ಜಿಲ್ಲಾ ತಂಡ ಕೂತು ತೀರ್ಮಾನ ಮಾಡುತ್ತದೆ.

ನಮ್ಮ ಕ್ಯಾಲೆಂಡರಿನಲ್ಲಿ ಕೆಲವು ದಿನಗಳಿಗೆ ಮೊದಲೇ ಗುರುತು ಹಾಕಿಕೊಳ್ಳಿ. ಜೂನ್‌ನಲ್ಲಿ ಹಾಸ್ಟೆಲ್ ತುಂಬುವಾಗ ಹಾಸಿಗೆಗಳ ನಡುವೆ ಜಾಗ ಬಿಡಿಸಿ, ಕಿಟಕಿ ಮಳೆಗೆ ಅಂತ ಪೂರ್ತಿ ಮುಚ್ಚಬೇಡಿ. ಆಗಸ್ಟ್‌ನಲ್ಲಿ ಬೋಟ್ ಇಳಿಯುವಾಗ ಹೊರರಾಜ್ಯದ ಖಲಾಸಿಗಳ ಹೆಸರು, ಊರು, ಮನೆಯವರ ನಂಬರ್ ಮಾಲೀಕರ ಹತ್ತಿರ ಇರಲಿ. ಜ್ವರ ಅಂದರೆ ಕೂಲಿ ಹೋಗುತ್ತದೆ, ಊರಿಗೆ ಕಳಿಸುತ್ತಾರೆ ಅನ್ನೋ ಹೆದರಿಕೆ ಅವರಿಗೆ ಇರುತ್ತದೆ, ಮುಚ್ಚಿಡುವುದು ಅದಕ್ಕೇ. ಆ ಹೆದರಿಕೆ ಬೇಡ ಅಂತ ಮಾಲೀಕರ ಬಾಯಲ್ಲೇ ಹೇಳಿಸಿ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆ, ಗೋಕರ್ಣದ ಶಿವರಾತ್ರಿ, ಇವುಗಳ ನಂತರದ ಹತ್ತು ದಿನ ಎಲ್ಲಿ ಜ್ವರದ ಜೊತೆ ಮಂಪರು ಕಂಡರೂ ಜಾತ್ರೆಗೆ ಹೋಗಿದ್ದಿರಾ, ಎಲ್ಲಿ ಉಳಿದಿದ್ದಿರಿ, ಯಾರ ಜೊತೆ ಅಂತ ಕೇಳಿ ಬರೆದುಕೊಳ್ಳಿ.

ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆ. ಹಾಸ್ಟೆಲ್ಲಿನ ಹಾಜರಿ ಪುಸ್ತಕದ ಒಳರಟ್ಟಿಗೆ, ಬೋಟಿನ ವೀಲ್‌ಹೌಸಿನ ಗೋಡೆಗೆ, ಆಶಾ ಡೈರಿಯ ಮೊದಲ ಪುಟಕ್ಕೆ ಒಂದು ಚೀಟಿ ಅಂಟಿಸಿ. ಅದರಲ್ಲಿ ನಿಮ್ಮ ಪಿಎಚ್‌ಸಿ ವೈದ್ಯರ ನಂಬರ್, ತಾಲೂಕು ಆರೋಗ್ಯಾಧಿಕಾರಿಯ ನಂಬರ್, ಜಿಲ್ಲಾ ಸರ್ವೇಕ್ಷಣಾ ಘಟಕದ ನಂಬರ್ ದೊಡ್ಡ ಅಕ್ಷರದಲ್ಲಿ ಇರಲಿ. ಬಾಲ್ ಪೆನ್ನಿನಲ್ಲಿ ಬರೆದು ಮೇಲೆ ಟೇಪ್ ಅಂಟಿಸಿ, ಬೋಟಿನಲ್ಲಿ ಉಪ್ಪುನೀರಿಗೆ ಶಾಯಿ ಒಂದು ವಾರ ನಿಲ್ಲೋದಿಲ್ಲ.